ಹೋದ ಊರಿಗೇ ಹೋಗುವ ಸುಖ

ಕ್ಯಾಮೆರಾ ಕೊಂಡವರಿಗೆಲ್ಲ ಹೊಸ ಊರುಗಳ ಹುಚ್ಚು. ಈ ಸಲ ಗೋಕಾಕ, ಬರುವ ಸಲ ಜೋಗ, ದುಡ್ಡು ಕೂಡಿದರೆ ಲಡಾಖ್. ಅದೂ ಸುಖವೇ. ನನಗೆ ಮಾತ್ರ ಹೋದ ಊರಿಗೇ ಮತ್ತೆ ಹೋಗಬೇಕು, ತೆಗೆದ ಫೋಟೋವನ್ನೇ ಮತ್ತೆ ತೆಗೆಯಬೇಕು. ಬೈಲಹೊಂಗಲದಲ್ಲಿ ಇರುವವರಿಗೆ ಇದಕ್ಕೆ ಅನುಕೂಲವೂ ಉಂಟು. ಒಂದು ಕಡೆ ಕಿತ್ತೂರು, ಇನ್ನೊಂದು ಕಡೆ ಸವದತ್ತಿ, ಅದರಾಚೆ ರಾಮದುರ್ಗ. ರೊಟ್ಟಿ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ.

ಈ ವಿಷಯದಲ್ಲಿ ನಾನು ಗುರುಗಳೆಂದು ಒಪ್ಪಿಕೊಂಡ ಇಬ್ಬರೂ ಪರದೇಶದವರು. ಅಲೆಕ್ಸಾಂಡರ್ ಗ್ರೀನ್‌ಲಾ ಮದ್ರಾಸ್ ಸೈನ್ಯದ ಅಧಿಕಾರಿ. 1856ರಲ್ಲಿ ಹಂಪಿಗೆ ಬಂದು, ಮೇಣ ಹಾಯಿಸಿದ ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಆ ಪಾಳು ಪಟ್ಟಣವನ್ನು ಹಿಡಿದಿಟ್ಟವನು. ಎರಡನೆಯವರು ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್. 1983ರಲ್ಲಿ ಅವರು ಗ್ರೀನ್‌ಲಾ ಕ್ಯಾಮೆರಾ ಹೂಡಿದ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ತೆಗೆದರು. ಅಲ್ಲಿಗೇ ನಿಲ್ಲಿಸದೆ ಹಂಪಿಗೆ ಮತ್ತೆ ಮತ್ತೆ ಬಂದರು. ಸಮುದ್ರ ದಾಟಿ ಬಂದವರಿಗೆ ನಮ್ಮ ಒಂದು ಊರಿನ ಮೇಲೆ ಅಷ್ಟು ಜೀವ! ಆ ಜೋಡಿ ಫೋಟೋಗಳನ್ನು ನೋಡಬೇಕು. ಹಂಪಿಯ ಕಲ್ಲಿನ ರಥ ಇವತ್ತು ಮೇಲೆ ಬೋಳು. ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಒಬ್ಬ ಮನುಷ್ಯ ಒಂದು ಜಾಗದಲ್ಲಿ ಸಾವಕಾಶ ನಿಂತದ್ದರಿಂದ ಒಂದು ಗೋಪುರ ನಮ್ಮ ಕಣ್ಣಿಗೆ ಉಳಿಯಿತು.

ಅದೇ ಜಾಗ ಹಿಡಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ಹಳೆಯ ಪ್ರಿಂಟು ಕೈಯಲ್ಲಿರಬೇಕು. ಹತ್ತಿರದ ಗೋಡೆಯ ಅಂಚು, ದೂರದ ಕಂಬ ಎರಡನ್ನೂ ಒಟ್ಟಿಗೆ ನೋಡಬೇಕು. ಒಂದು ಹೆಜ್ಜೆ ಎಡಕ್ಕೆ ಸರಿದರೆ ನಡುವೆ ಸಂದು ಬೀಳುತ್ತದೆ. ಬಲಕ್ಕೆ ಸರಿದರೆ ಗೋಡೆ ಕಂಬವನ್ನು ಮುಚ್ಚುತ್ತದೆ. ಹಿಂದೆ ಮುಂದೆ ಸರಿದರೆ ಎರಡರ ಅಳತೆಯೇ ಬದಲಾಗುತ್ತದೆ. ಎಲ್ಲ ಕೂಡಿ ಬರುವ ಜಾಗ ಒಂದೇ. ನೆರಳೂ ಕೂಡಬೇಕೆಂದರೆ ಅದೇ ತಿಂಗಳು, ಅದೇ ಹೊತ್ತಿಗೆ ಬರಬೇಕು.

ಕಿತ್ತೂರಿನ ಕೋಟೆಯೊಳಗೆ ಈ ಕೆಲಸಕ್ಕೆ ನಿಂತಾಗಲೆಲ್ಲ ಒಂದು ಲೆಕ್ಕ ತಲೆಗೆ ಬರುತ್ತದೆ. ಕಿತ್ತೂರಿನ ಮೇಲೆ ಬಂದ ಇಂಗ್ಲಿಷ್ ಅಧಿಕಾರಿ ಥ್ಯಾಕರೆ ಬಿದ್ದದ್ದು 1824ರ ಅಕ್ಟೋಬರ್ 23ರಂದು. ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯ ತಂದರು, ಕೋಟೆ ಹೋಯಿತು. ಸೆರೆಯಾದ ರಾಣಿ ಚೆನ್ನಮ್ಮ 1829ರಲ್ಲಿ ನಮ್ಮ ಬೈಲಹೊಂಗಲದಲ್ಲೇ ತೀರಿಕೊಂಡಳು. ಸಮಾಧಿಯೂ ಇಲ್ಲೇ ಇದೆ. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ತಿಳಿದದ್ದು 1839ರಲ್ಲಿ. ಕೋಟೆ ಹೋದದ್ದಕ್ಕೂ ಇದಕ್ಕೂ ಹದಿನೈದು ವರ್ಷದ ಅಂತರ! ಕೋಟೆಯೊಳಗಿನ ಅರಮನೆ ತುಂಬಿಕೊಂಡಿದ್ದ ಕಾಲದ ಒಂದು ಫೋಟೋ ಕೂಡ ಇರಲು ಸಾಧ್ಯವಿಲ್ಲ. ನಮಗೆ ಸಿಕ್ಕಿದ್ದು ಮೊಂಡು ಗೋಡೆಗಳು. ಹಾಗಾಗಿ ಇರುವ ಗೋಡೆಗಳಾದರೂ ವರ್ಷವರ್ಷ ಫೋಟೋದಲ್ಲಿ ಉಳಿಯಬೇಕೆಂದು ನನಗೆ ಹಟ. ಅಲ್ಲಿ ಧ್ರುವನಕ್ಷತ್ರ ನೋಡಲು ಇಟ್ಟ ಕಿಂಡಿಯೊಂದಿದೆ. ಮೊದಲ ಸಲ ಬಂದವರು ಅದರಲ್ಲಿ ಇಣುಕಿ ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಸ್ವಲ್ಪ ನಿಲ್ಲಿ. ನಮ್ಮ ಸೀಮೆಯಲ್ಲಿ ಧ್ರುವ ಇರುವುದು ದಿಗಂತದಿಂದ ಹದಿನೈದು ಹದಿನಾರು ಡಿಗ್ರಿ ಎತ್ತರದಲ್ಲಿ, ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಕಟ್ಟಿದವರು ಆ ಲೆಕ್ಕ ತಿಳಿದೇ ಇಟ್ಟ ಕಿಂಡಿ ಅದು. ಇದು ನನಗೆ ಹೊಳೆದದ್ದು ಹಲವು ಸಲ ಹೋದ ಮೇಲೆ.

ಸವದತ್ತಿಯಲ್ಲಿ ಕಲ್ಲಿಗಿಂತ ಜನ ಮುಖ್ಯ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡವೆಲ್ಲ ಹಳದಿ. ‘ಉಧೋ ಉಧೋ’ ಎಂದು ಭಂಡಾರ ತೂರಿದರೆ ಬಿಸಿಲೇ ಬಣ್ಣ ಹಚ್ಚಿಕೊಂಡು ಇಳಿಯುತ್ತದೆ. ಅಲ್ಲಿಗೆ ಬರುವ ಮನೆತನಗಳು ಪ್ರತಿ ವರ್ಷ ಅದದೇ ಜಾಗದಲ್ಲಿ ಬಿಡಾರ ಹೂಡುತ್ತವೆ, ಒಲೆ ಹೂಡಿ ಹೋಳಿಗೆ ಮಾಡಿ ಪರಡಿ ತುಂಬಿಸುತ್ತವೆ. ಹಾಗೆ ಗುರುತಾದ ಒಬ್ಬ ಅಜ್ಜಿ ನನ್ನನ್ನು ಕಂಡವಳೇ, “ಏ ತಮ್ಮಾ, ಮತ್ತ ಬಂದಿ? ಹ್ವಾದ ವರ್ಷ ತಗದದ್ದು ಎಲ್ಲೈತಿ?” ಎಂದಳು.

“ತಂದೀನ್ರಿ ಯವ್ವಾ” ಎಂದು ಪ್ರಿಂಟು ಕೊಟ್ಟೆ. ಅವಳು ತನ್ನ ಮುಖ ನೋಡಲಿಲ್ಲ. ಬೆರಳು ನೇರ ಎತ್ತಿನ ಮೇಲೆ ಹೋಯಿತು. “ಈ ಎತ್ತು ಮಾರಿದ್ವಿ. ಈ ಸಲ ಟ್ರ್ಯಾಕ್ಟರದಾಗ ಬಂದ್ವಿ.” ಬೆರಳಿನ ಭಂಡಾರ ಫೋಟೋದ ಮೂಲೆಗೆ ಹತ್ತಿತ್ತು. ಒರೆಸಲು ಹೋದರೆ, “ಇರ್ಲಿ ಬಿಡು, ತಾಯಿದು” ಎಂದು ಸೆರಗಿನೊಳಗೆ ಇಟ್ಟುಕೊಂಡಳು. ಚಕ್ಕಡಿ ಹೋಗಿ ಟ್ರ್ಯಾಕ್ಟರ್ ಬಂದ ಕಥೆಯನ್ನು ಎಷ್ಟೋ ಕಡೆ ಓದಿದ್ದೇನೆ. ಒಂದೇ ಬಿಡಾರದ ಎರಡು ಫೋಟೋಗಳ ನಡುವೆ ಅದು ಕಂಡ ಹಾಗೆ ಬೇರೆಲ್ಲೂ ಕಾಣಲಿಲ್ಲ.

ಅಲ್ಲಿಂದ ಇಳಿದರೆ ಮಲಪ್ರಭೆ. ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರನ್ನು ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಒಂದೇ ದಿಬ್ಬದಿಂದ ತೆಗೆಯಿರಿ. ನಮ್ಮ ರೈತರ ಆ ವರ್ಷದ ಹಣೆಬರಹ ಆ ಎರಡು ಫೋಟೋಗಳಲ್ಲೇ ಇರುತ್ತದೆ. ಹುಬ್ಬಳ್ಳಿ ಧಾರವಾಡದ ನಳಗಳಿಗೂ ಅಲ್ಲಿಂದಲೇ ನೀರು. ಅದೇ ಹೊಳೆ 2019ರ ಆಗಸ್ಟಿನಲ್ಲಿ ಉಕ್ಕಿ ರಾಮದುರ್ಗಕ್ಕೆ ನುಗ್ಗಿತು. ನೇಕಾರರ ಮನೆಗಳಲ್ಲಿ ಮಗ್ಗ ನೀರಿನಲ್ಲಿ ನಿಂತವು. ಇಂಥ ಊರಿನ ಹೊಳೆದಂಡೆಯ ಓಣಿಗಳ ಫೋಟೋ ನೆರೆಗೆ ಮುಂಚಿನದೂ ಬೇಕು, ಆಮೇಲಿನದೂ ಬೇಕು. ನೆರೆಯ ದಿನ ತೆಗೆದವರು ಸಾವಿರ ಮಂದಿ. ಯಾವ ಗೋಡೆ ಎಲ್ಲಿತ್ತು, ಯಾವ ಬಾಗಿಲಿನ ಮುಂದೆ ಕಟ್ಟೆ ಇತ್ತು ಎಂದು ಹೇಳುವುದು ಮಾತ್ರ ಸುಮ್ಮನೆ ಒಂದು ಸೋಮವಾರ ತೆಗೆದ ಫೋಟೋ.

ಈಗ ಮನೆಮನೆಯಲ್ಲಿ ಮೊಬೈಲ್ ಇದೆ. ಗ್ರೀನ್‌ಲಾನಂತೆ ಮೇಣದ ಕಾಗದ ಹೊತ್ತು ತಿರುಗಬೇಕಾಗಿಲ್ಲ. ದೇಗಾವಿಯ ಕಮಲನಾರಾಯಣ ಗುಡಿಯೋ, ನಿಮ್ಮ ಓಣಿಯ ಅರಳಿಕಟ್ಟೆಯೋ, ಒಂದು ಜಾಗ ಆರಿಸಿಕೊಳ್ಳಿ. ವರ್ಷಕ್ಕೊಮ್ಮೆ ಅಲ್ಲೇ ನಿಂತು ಒಂದು ಫೋಟೋ ತೆಗೆಯಿರಿ. ಪ್ರಿಂಟು ಹಾಕಿಸಿ, ಹಿಂದೆ ತಾರೀಖು, ಊರು, ಎದುರಿಗಿರುವವರ ಹೆಸರು ಬರೆಯಿರಿ. ಒಂದು ಪ್ರತಿಯನ್ನು ಅವರಿಗೇ ಕೊಡಿ. ಊರಿನ ಮೇಲೆ ಪ್ರೀತಿ ಇದೆ ಎಂದು ಬಾಯಲ್ಲಿ ಹೇಳುವವರು ನಮ್ಮಲ್ಲಿ ಬಹಳ ಮಂದಿ. ಆ ಪ್ರೀತಿಗೆ ತಾರೀಖು ಹಾಕಿಟ್ಟವರ ಮಾತು ಮೊಮ್ಮಕ್ಕಳ ಕಾಲಕ್ಕೂ ನಡೆಯುತ್ತದೆ.