ಆಮೆ ಬಂದ ರಾತ್ರಿ

ಚೆನ್ನೈಗೆ ಬಂದು ಮೂರು ವರ್ಷ ಆಯ್ತು. ಸೆಖೆ, ಟ್ರಾಫಿಕ್ಕು ಅಂತ ಬೈಕೊಂಡೇ ಇದ್ದ ನಂಗೆ ಈ ಊರಿನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿದ್ದು ಒಂದು ಆಮೆಯ ದೆಸೆಯಿಂದ ಅಂದ್ರೆ ನೀವು ನಗ್ತೀರೇನೋ :-)

ಇಲ್ಲಿ ಎಸ್‌ಎಸ್‌ಟಿಸಿಎನ್ ಅಂತ ವಿದ್ಯಾರ್ಥಿಗಳ ಗುಂಪೊಂದಿದೆ. 1988ರಿಂದ ಕಡಲಾಮೆಗಳನ್ನು ಕಾಯ್ತಿದೆ. ಜನವರಿಯಿಂದ ಮಾರ್ಚ್‌ವರೆಗೆ ವಾರಾಂತ್ಯದ ರಾತ್ರಿಗಳಲ್ಲಿ ನಮ್ಮಂಥವರನ್ನೂ ಜೊತೆಗೆ ಕರ್ಕೊಂಡು ಹೋಗ್ತಾರೆ. ನೀಲಾಂಕರೈಯಿಂದ ಬೆಸೆಂಟ್ ನಗರದವರೆಗೆ ಸುಮಾರು 7 ಕಿ.ಮೀ. ಮರಳಲ್ಲಿ ನಡಿಗೆ. ಟಾರ್ಚು, ಫ್ಲ್ಯಾಶು ಏನೂ ಹಾಕೋ ಹಾಗಿಲ್ಲ.

ಫೆಬ್ರವರಿಯ ಒಂದು ಶನಿವಾರ ನಾನೂ ಹೋದೆ. ಮೊದಲು ಸಿಕ್ಕಿದ್ದು ಸತ್ತ ಆಮೆ. ಕಡಲಲ್ಲೇ ಬದುಕೋ ಪ್ರಾಣಿ ನೀರಲ್ಲಿ ಉಸಿರುಗಟ್ಟಿ ಸಾಯತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ಉಸಿರಾಡೋಕೆ ಅದು ಮೇಲೆ ಬರಲೇಬೇಕಂತೆ, ಟ್ರಾಲರ್ ಬಲೆಯಲ್ಲಿ ಸಿಕ್ಕರೆ ಬರೋಕಾಗಲ್ಲ. 2025ರ ಜನವರಿಯಲ್ಲಿ ಈ ಸುತ್ತಿನ ತೀರಗಳಿಗೆ ಹೀಗೆ ಸತ್ತ ಆಮೆಗಳು ನೂರಾರು ಬಂದು ಬಿದ್ದಿದ್ದವು. ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಎರಡು ಗಂಟೆ ಹೊತ್ತಿಗೆ, ಟ್ರ್ಯಾಕ್ಟರ್ ಚಕ್ರ ಹೋದಂಥ ಗುರುತು. ನೀರಿನಿಂದ ಮೇಲೆ ಬಂದಿತ್ತು, ವಾಪಸ್ ಹೋದದ್ದಿಲ್ಲ. ಅಂದ್ರೆ ಆಮೆ ಇನ್ನೂ ಮೇಲೇ ಇದೆ!

ಆಲಿವ್ ರಿಡ್ಲೆ. ಎರಡಡಿ ಚಿಪ್ಪು. ಹಿಂದಿನ ಕಾಲುಗಳಿಂದ ಒಂದಾದ ಮೇಲೊಂದರಂತೆ ಮರಳನ್ನು ಬೊಗಸೆ ಬೊಗಸೆಯಾಗಿ ಎತ್ತಿ ಹಾಕ್ತಿತ್ತು. ಒಮ್ಮೆಯೂ ಹಿಂತಿರುಗಿ ನೋಡದೆ ಒಂದೂವರೆ ಅಡಿ ಆಳದ, ಹೂಜಿಯಂಥ ಗುಂಡಿ ತೋಡಿತು ನೋಡಿ! ಮೊಟ್ಟೆ ಇಡೋಕೆ ಶುರುಮಾಡಿದ ಮೇಲೆ ಅದಕ್ಕೆ ಲೋಕದ ಪರಿವೆ ಇರಲ್ಲ. ಆಗಷ್ಟೇ ನಮ್ಮನ್ನು ಹಿಂದಿನಿಂದ ಹತ್ತಿರ ಬಿಟ್ಟರು. ಪಿಂಗ್‌ಪಾಂಗ್ ಚೆಂಡಿನಂಥವು, ಎರಡೆರಡು, ಮೂರ್ಮೂರು... ಕಣ್ಣಲ್ಲಿ ನೀರು. ಅಳು ಅಲ್ಲ, ಮೈಯಲ್ಲಿನ ಉಪ್ಪು ಹೊರಹಾಕೋ ಉಪಾಯ ಅಂತ ಸ್ವಯಂಸೇವಕಿ ಹೇಳಿದಳು. ಪಕ್ಕದಲ್ಲಿದ್ದ ಅಜ್ಜಿ ಮಾತ್ರ ಒಪ್ಪಲಿಲ್ಲ. ಹೆತ್ತವಳಿಗೆ ಗೊತ್ತು ಅಂದ್ರು, ತಮಿಳಲ್ಲಿ.

ಆಮೇಲೆ ಗುಂಡಿ ಮುಚ್ಚಿ, ಇಡೀ ಮೈಯನ್ನು ಅತ್ತಿತ್ತ ಎತ್ತಿ ಹಾಕಿ ಧಪ್ ಧಪ್ ಅಂತ ಮರಳು ತಟ್ಟಿತು. ಗುರುತು ಸಿಗದ ಹಾಗೆ ಸುತ್ತ ಮರಳು ಎರಚಿ ಕಡಲಿಗೆ ಹೋಯ್ತು.

ಅಷ್ಟು ಕಷ್ಟಪಟ್ಟು ಬಚ್ಚಿಟ್ಟಿದ್ದನ್ನ ನಮ್ಮವರು ಕೂಡ್ಲೇ ಅಗೆದರು! ನಂಗ್ಯಾಕೋ ಕಸಿವಿಸಿ. ಅಲ್ಲೇ ಬಿಡಬಾರದಾ ಅಂದೆ. ಆ ಹುಡುಗಿ ಹಿಂದೆ ಕೈ ತೋರಿಸಿದಳು. ನಾಯಿಗಳು. ಅವುಗಳಾಚೆ ಸಾಲು ಸಾಲು ಬೀದಿದೀಪ. ಮರಿಗಳು ಎಲ್ಲಿ ಬೆಳಕು ಹೆಚ್ಚೋ ಅತ್ತ ಓಡ್ತವೆ. ಹಿಂದೆಲ್ಲ ಆ ಬೆಳಕು ಕಡಲಿನ ಕಡೆ ಇತ್ತು, ಈಗ ರಸ್ತೆ ಕಡೆ.

118 ಮೊಟ್ಟೆ. ಚೀಲದಲ್ಲಿ ಹೊತ್ತು ತಂದು, ಬೇಲಿ ಹಾಕಿದ ಜಾಗದಲ್ಲಿ ಅಷ್ಟೇ ಆಳದ, ಅದೇ ಆಕಾರದ ಗುಂಡಿ ತೋಡಿ ಇಟ್ಟರು. ಮರಳು ಹೆಚ್ಚು ಬಿಸಿಯಾದರೆ ಹೆಣ್ಣು, ತಂಪಾದರೆ ಗಂಡು. ನಮ್ಮ ಹೊನ್ನಾವರದ ಕಾಸರಕೋಡಿನಲ್ಲೂ ಇದೇ ಆಮೆಗಳು ಬರ್ತವೆ. ಅಲ್ಲಿಂದ ಅರ್ಧ ಗಂಟೆ ದೂರದ ಕುಮಟೆಯಲ್ಲಿ ಹುಟ್ಟಿ ಬೆಳೆದ ನಂಗೆ ಅದು ಗೊತ್ತಾಗಿದ್ದೂ ಇಲ್ಲೇ!

ಮರಿ ಹೊರಬರೋಕೆ 45-50 ದಿನ. ಏಪ್ರಿಲ್ ಮೊದಲ ವಾರಕ್ಕೆ ಎರಡು ದಿನ ರಜೆ ಕೇಳಿದ್ದೀನಿ. ಆಗ ರಿಲೀಸ್ ಇದೆಯಲ್ಲಪ್ಪಾ ಅಂದ್ರು ಮ್ಯಾನೇಜರ್. ನಂದೂ ರಿಲೀಸೇ ಸಾರ್ ಅಂದೆ. ಇನ್ನೂ ಉತ್ತರ ಬಂದಿಲ್ಲ...