ಯಾರು ಸತ್ತರು, ಯಾರು ತೀರಿಕೊಂಡರು

ನವಿ ಮುಂಬಯಿಯ ಘಣಸೋಲಿಯ ಉಡುಪಿ ಹೋಟೆಲಿನಲ್ಲಿ ಕನ್ನಡ ಪೇಪರು ಇರುವ ಜಾಗ ಗಲ್ಲಾ. ಬೆಳಗಿನ ಇಡ್ಲಿ-ವಡೆಯ ಗಲಾಟೆ ಇಳಿದ ಮೇಲೆ ಕನ್ನಡಕ ಮೂಗಿಗೇರುತ್ತದೆ, ಪೇಪರು ಹಿಂದಿನ ಪುಟದಿಂದ ತೆರೆದುಕೊಳ್ಳುತ್ತದೆ. ಮೊದಲು ನಿಧನದ ಸುದ್ದಿ, ರಾಜಕೀಯ ಆಮೇಲೆ. ಪಾಸ್‌ಪೋರ್ಟ್ ಅಳತೆಯ ಫೋಟೊ, ಮೂಲ ಊರು, ಮನೆತನ, ಬಂಧುಬಳಗ. ಗಲ್ಲಾದಿಂದ ಅಡುಗೆಮನೆಗೆ ಉತ್ತರಕ್ರಿಯೆಯ ಪ್ರಶ್ನೆ ಹೋಗುತ್ತದೆ: “ಬೊಜ್ಜ ಊರಲ್ಲಂತೋ, ಇಲ್ಲೇ ಅಂತೋ?”

ಅದು ನಮ್ಮ ನಿಮ್ಮಂಥವರ ಸಾವು. ಹೆಸರು ಮಾಡಿದವರ ಸಾವು ಮುಖಪುಟಕ್ಕೆ ಹೋಗುತ್ತದೆ, ಅಲ್ಲಿಯ ವ್ಯಾಕರಣವೇ ಬೇರೆ.

2020ರ ಮೇ 3ರಂದು ಕವಿ ಕೆ.ಎಸ್. ನಿಸಾರ್ ಅಹಮದ್ ತೀರಿಕೊಂಡರು. ಹನ್ನೆರಡು ದಿನ ಕಳೆದು, ಮೇ 15ಕ್ಕೆ, ಪುತ್ತೂರು ಮೂಲದ ಮುತ್ತಪ್ಪ ರೈ. ಲಾಕ್‌ಡೌನಿನ ದಿನಗಳು, ಇಬ್ಬರಿಗೂ ಜನಸಾಗರದ ಭಾಗ್ಯವಿಲ್ಲ. ಕವಿಗೆ ‘ನಿತ್ಯೋತ್ಸವದ ಕವಿ’ ಎಂಬ ಬಿರುದು ಮೊದಲೇ ಸಿದ್ಧವಿತ್ತು. ರೈಗೆ ಸಿಕ್ಕದ್ದು ‘ಮಾಜಿ ಡಾನ್’. ಮಾಜಿ ಶಾಸಕ, ಮಾಜಿ ಮೇಯರ್ ಇದ್ದ ಹಾಗೆ. ಅವಧಿ ಮುಗಿಯಿತು, ಕುರ್ಚಿ ಬಿಟ್ಟರು ಎಂಬಂತೆ! ಬ್ಯಾಂಕ್ ನೌಕರಿಯಿಂದ ಹೊರಟು, ದುಬೈ ಸೇರಿ, 2002ರಲ್ಲಿ ಅಲ್ಲಿಂದ ಗಡೀಪಾರಾಗಿ ಬಂದು, ‘ಜಯ ಕರ್ನಾಟಕ’ ಸಂಘಟನೆ ಕಟ್ಟಿ, ಕೊನೆಗೆ ಕ್ಯಾನ್ಸರಿಗೆ ಸೋತ ಮನುಷ್ಯ. ಕರಾವಳಿಯವರ ಗಲ್ಲಾಗಳಲ್ಲಿ ಅವರಿಗೆ ಬಹುವಚನ ತಪ್ಪಲಿಲ್ಲ.

ಅಬ್ದುಲ್ ಕರೀಂ ತೆಲಗಿಗೆ ಆ ಬಹುವಚನ ಸಿಗಲಿಲ್ಲ. ಖಾನಾಪುರದಲ್ಲಿ ರೈಲು ಪ್ರಯಾಣಿಕರಿಗೆ ಹಣ್ಣು ಮಾರಿ ಓದಿದ ಹುಡುಗ, ಮುಂಬಯಿಗೆ ಬಂದು ಛಾಪಾ ಕಾಗದದ ಖೋಟಾ ವ್ಯಾಪಾರವನ್ನು ದೇಶದುದ್ದಕ್ಕೂ ಹಬ್ಬಿಸಿದ. 2007ರಲ್ಲಿ 30 ವರ್ಷ ಸಜೆ, 202 ಕೋಟಿ ರೂಪಾಯಿ ದಂಡ. 2017ರ ಅಕ್ಟೋಬರ್ 26ರಂದು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ‘ಸತ್ತ’. ಆದರೂ ಪತ್ರಿಕೆಗಳು ಅವನಿಗೊಂದು ಭರ್ಜರಿ ಪದವಿ ಕೊಟ್ಟಿದ್ದವು: ‘ಹಗರಣದ ರೂವಾರಿ’. ಹೊಯ್ಸಳರ ಕಾಲದಲ್ಲಿ ರೂವಾರಿ ಎಂದರೆ ಶಿಲ್ಪಿ, ಕಲ್ಲಿಗೆ ಉಳಿ ಇಟ್ಟು ದೇವರನ್ನು ಎಬ್ಬಿಸುವವನು. ಅದು ಇಳಿದಿಳಿದು ಖೋಟಾ ಸ್ಟಾಂಪು ಅಚ್ಚು ಹಾಕಿಸಿದವನ ಪಾಲಾಯಿತು. ಕಸುಬಿನ ನಾಜೂಕು ನೋಡಿದರೆ ಪೂರ್ತಿ ತಪ್ಪೆನ್ನುವಂತೆಯೂ ಇಲ್ಲ.

2024ರ ಡಿಸೆಂಬರ್ 10ರಂದು ಎಸ್.ಎಂ. ಕೃಷ್ಣ ಅಗಲಿದಾಗ ಅದೇ ಪದ ಮತ್ತೆ ಎದ್ದು ಬಂತು, ‘ಐಟಿ ಬೆಂಗಳೂರಿನ ರೂವಾರಿ’ ಎಂದು. ತೆಲಗಿ 2001ರಲ್ಲಿ ಸಿಕ್ಕಿಬಿದ್ದಾಗ ಕೃಷ್ಣ ಕರ್ನಾಟಕದ ಮುಖ್ಯಮಂತ್ರಿ. ಅವನಿಗೆ 30 ವರ್ಷ ಬಿದ್ದಾಗ ಮಹಾರಾಷ್ಟ್ರದ ರಾಜ್ಯಪಾಲರು, ಮಲಬಾರ್ ಹಿಲ್ಲಿನ ರಾಜಭವನದಲ್ಲಿ. ಒಬ್ಬರಿಗೊಬ್ಬರು ಏನೂ ಆಗಬೇಕಾಗಿಲ್ಲ, ಪದವೊಂದು ಪಾಲು ಅಷ್ಟೆ.

ತೆಲಗಿ ಸತ್ತು 14 ತಿಂಗಳ ಮೇಲೆ, 2018ರ ಕೊನೆಯ ದಿನ, ನಾಸಿಕ್‌ನ ನ್ಯಾಯಾಲಯ ಒಂದು ಪ್ರಕರಣದಲ್ಲಿ ಸಾಕ್ಷ್ಯ ಸಾಲದೆಂದು ಅವನನ್ನೂ ಇನ್ನು ಏಳು ಮಂದಿಯನ್ನೂ ಖುಲಾಸೆ ಮಾಡಿತು. “ಈಗ ಯಾರನ್ನು ಬಿಡುವುದು ಮಾರಾಯ್ರೆ?” ಎಂದು ಕೇಳುವಂಥ ಸುದ್ದಿ.

ಬಿರುದುಗಳ ಈ ಸಂತೆಯಿಂದ ತಪ್ಪಿಸಿಕೊಳ್ಳಲು ನೋಡಿದವರು ಗಿರೀಶ ಕಾರ್ನಾಡ. ಹುಟ್ಟಿದ್ದು ಮಾಥೇರಾನಿನಲ್ಲಿ, ಘಣಸೋಲಿಯವರು ಠಾಣೆಯಲ್ಲಿ ಲೋಕಲ್ ಬದಲಿಸಿ ನೇರಳ್‌ಗೆ ಹೋಗಿ ಹತ್ತುವ ಅದೇ ಬೆಟ್ಟ. 2019ರ ಜೂನ್ 10ರಂದು ಹೋದಾಗ ಅವರ ಇಚ್ಛೆಯಂತೆ ಸರಕಾರಿ ಗೌರವವಿಲ್ಲ, ವಿಧಿಯಿಲ್ಲ, ಮೆರವಣಿಗೆಯಿಲ್ಲ.

ಅದೇ ವರ್ಷದ ಜನವರಿ 29ಕ್ಕೆ ಜಾರ್ಜ್ ಫರ್ನಾಂಡಿಸ್ ತೀರಿಕೊಂಡಿದ್ದರು. ಮಂಗಳೂರಿನ ಹುಡುಗ, ಮುಂಬಯಿ ಟ್ಯಾಕ್ಸಿಯವರ ನಾಯಕ, 1967ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಕೆಡವಿದ ಪೈಲ್ವಾನ. ರಕ್ಷಣಾ ಮಂತ್ರಿಯಾಗಿದ್ದರೂ ಹೋಟೆಲಿನ ಹಳಬರ ಬಾಯಲ್ಲಿ ಬಂದದ್ದು “ನಮ್ಮ ಜಾರ್ಜ್ ಹೋದ” ಎಂದೇ. ತೆಲಗಿಗೆ ಸಿಕ್ಕಿದ ಅದೇ ಏಕವಚನ, ಆದರೆ ಹೇಳುವಾಗ ದನಿ ತಗ್ಗಿತ್ತು.

ಮುಂದಿನ ಪ್ರಶ್ನೆ ಎಂದಿನಂತೆ ಕ್ರಿಯೆಯದು: ಸುಡುವುದೋ, ಹೂಳುವುದೋ? ಜಾರ್ಜ್ ಎರಡನ್ನೂ ಬರೆಸಿಟ್ಟಿದ್ದರು. ದೇಹವನ್ನು ದಿಲ್ಲಿಯ ಲೋಧಿ ರಸ್ತೆಯ ಚಿತಾಗಾರದಲ್ಲಿ ಸುಟ್ಟು, ಬೂದಿಯನ್ನು ಕ್ರೈಸ್ತರ ಸ್ಮಶಾನದಲ್ಲಿ ಹೂಳಿದರು.