ಎಕ್ಸ್‌ಪ್ರೆಸ್‌ವೇ ಕೆಳಗಿನ ಸವಾರರು

ಕನಸಿನ ಬೈಕಿನ ವಿಷಯದಲ್ಲಿ ರಾಮನಗರ ಅದೃಷ್ಟವಂತ ಊರು. 1975ರಲ್ಲಿ ತೆರೆಕಂಡ ‘ಶೋಲೆ’ಯ ರಾಮಗಢ ಎದ್ದದ್ದು ರಾಮದೇವರ ಬೆಟ್ಟದ ಬಂಡೆಗಳ ಬುಡದಲ್ಲಿ. ಆ ಚಿತ್ರದಲ್ಲಿ ಜಯ್–ವೀರು ಹಾಡುತ್ತಾ ಓಡಿಸುವುದು ಸೈಡ್‌ಕಾರ್ ಕಟ್ಟಿದ ಬಿಎಸ್‌ಎ, ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ಮಾದರಿ. ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಹಾಡು ಮುಗಿಯುವವರೆಗೂ ಯಾರೂ ಕೇಳುವುದಿಲ್ಲ.

ಈ ಸೀಮೆಯ ಗಾಡಿಹುಚ್ಚಿನ ತವರು ಮಾತ್ರ ಹೆದ್ದಾರಿಯ ಆ ತುದಿಯ ಮೈಸೂರು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಟೂ-ಸ್ಟ್ರೋಕ್ ಬೈಕು ತಯಾರಿಸಿತು. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ. ಒಳಕ್ಕೊತ್ತಿ ಮೇಲೆತ್ತಿದರೆ ಕಿಕ್ಕರ್. ಹೊಸಬರು ಅದರ ಮುಂದೆ ತಬ್ಬಿಬ್ಬಾಗುವುದನ್ನು ನೋಡುವುದೇ ಹಳಬರಿಗೆ ಮೋಜು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಜೋಡಿ ಸೈಲೆನ್ಸರಿನ ಹೊಗೆ ಕುಡಿಯಬೇಕು, ಆದರೂ ಆ ಸದ್ದಿಗೆ ಮನಸೋತವರು ಜುಲೈನ ಎರಡನೇ ಭಾನುವಾರ ಜಾವಾ ದಿನವೆಂದು ಗಾಡಿ ತೊಳೆದು ಹೊರಡುತ್ತಾರೆ. 2018ರಿಂದ ಜಾವಾ ಮತ್ತೆ ಬರುತ್ತಿದೆ, ಮೈಸೂರಿನಿಂದಲ್ಲ, ಮಧ್ಯಪ್ರದೇಶದ ಪೀತಂಪುರದಿಂದ.

ದಿನ ಬೆಳಗಾದರೆ ದುಡಿಯುವ ಗಾಡಿಯೇ ಬೇರೆ. ರೇಷ್ಮೆಗೂಡಿನ ಮೂಟೆ, ಹಿಪ್ಪುನೇರಳೆ ಸೊಪ್ಪಿನ ಹೊರೆ, ಡೈರಿಗೆ ಹೋಗುವ ಹಾಲಿನ ಕ್ಯಾನು ಎಲ್ಲವೂ ಟಿವಿಎಸ್ ಎಕ್ಸೆಲ್ಲಿನ ಮೇಲೆ. ಅದನ್ನು ಕನಸಿನಲ್ಲಿ ಕಂಡವರಿಲ್ಲ. ಅದಿಲ್ಲದೆ ನಡೆದ ಮನೆಗಳೂ ಕಡಿಮೆ.

ಹಾಗಾದರೆ ಕರೆಂಟಿನ ಗಾಡಿ?

ಇದಕ್ಕೆ ಅರ್ಧ ಉತ್ತರ ಕೊಟ್ಟದ್ದು ಹೆದ್ದಾರಿಯವರು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಕಾರುಗಳು ಬೈಪಾಸಿನಲ್ಲಿ ಹಾರಿಹೋಗುತ್ತವೆ. ಬೈಕಿನವರು ಸರ್ವಿಸ್ ರಸ್ತೆ, ಹಳೇ ಹೆದ್ದಾರಿ ಹಿಡಿದು ಊರೂರಿನೊಳಗೆ, ಚನ್ನಪಟ್ಟಣದ ಬೊಂಬೆ ಅಂಗಡಿಗಳ ಮುಂದೆ ಸಾಗಬೇಕು. ಬುಲೆಟ್ ಸವಾರರಿಗೆ ಇದು ಶಿಕ್ಷೆ. ಬ್ಯಾಟರಿಗೆ ಮಾತ್ರ ವರ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ನಲವತ್ತು–ಐವತ್ತರಲ್ಲಿ ಹೋಗುವ ಗಾಡಿಯ ಚಾರ್ಜು ಬಹಳ ದೂರ ಬಾಳುತ್ತದೆ.

ದುಡ್ಡಿನ ಲೆಕ್ಕವೂ ಅದರ ಕಡೆಗೇ ಇದೆ. ಮೂರು ಯೂನಿಟ್ ಹಿಡಿಯುವ ಬ್ಯಾಟರಿ ತುಂಬಲು ಹೆಚ್ಚೆಂದರೆ ಮೂರೂವರೆ ಯೂನಿಟ್, ಇಪ್ಪತ್ತು ರೂಪಾಯಿಯ ಆಸುಪಾಸು. ಅಷ್ಟೇ ದೂರಕ್ಕೆ ಪೆಟ್ರೋಲು ನೂರೈವತ್ತು ದಾಟುತ್ತದೆ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಇದೆಯಲ್ಲ ಎಂದು ಹಿಗ್ಗುವವರು ಒಂದು ಮಾತು ಗಮನಿಸಬೇಕು: ಹಿಂದಿನ ಸರಾಸರಿಗಿಂತ ಸ್ವಲ್ಪ ಹೆಚ್ಚಿನವರೆಗೆ ಮಾತ್ರ ಉಚಿತ, ಹೊಸ ಗಾಡಿ ಕುಡಿಯುವ ಕರೆಂಟಿಗೆ ಬಿಲ್ ಬಂದೀತು. ಸಬ್ಸಿಡಿ ಏರಲಿ ಎಂದು ಕಾಯುವುದೂ ದಂಡ. 2021ರಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್‌ಅವರ್‌ಗೆ 15,000 ರೂಪಾಯಿ ಕೊಡುತ್ತಿದ್ದ ಕೇಂದ್ರ ಸರ್ಕಾರ 2023ರಲ್ಲಿ ಅದನ್ನು 10,000ಕ್ಕೆ, 2024ರಲ್ಲಿ 5,000ಕ್ಕೆ ಇಳಿಸಿತು.

ಆದ್ದರಿಂದ ಚನ್ನಪಟ್ಟಣದಿಂದ ರಾಮನಗರಕ್ಕೆ ದಿನಾ ಓಡಾಡುವವರು, ರಾತ್ರಿ ಪ್ಲಗ್ಗು ಸಿಕ್ಕಿಸಲು ಸ್ವಂತ ಗೋಡೆ ಇರುವವರು ಈಗಲೇ ಕೊಳ್ಳಬಹುದು. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಕನಕಪುರದ ಮೇಲೆ ಸಂಗಮಕ್ಕೆ ಹೋಗಿಬರುವುದು ಬೇರೆ ಕಥೆ. ಹೋಗಿಬರುವ ದಾರಿ ಇನ್ನೂರು ಕಿಲೋಮೀಟರಿಗೆ ಹತ್ತಿರ, ಹಿಂದೆ ಒಬ್ಬರು ಕೂತರಂತೂ ಸಣ್ಣ ಬ್ಯಾಟರಿ ದಾರಿಯಲ್ಲೇ ಕೈಕೊಡುತ್ತದೆ. ಬೆಂಗಳೂರಿನದೇ ಅಲ್ಟ್ರಾವಯೊಲೆಟ್ ಕಂಪನಿಯ ಎಫ್77 ಈ ದೂರಕ್ಕೆ ಸರಿಸಾಟಿ: ದೊಡ್ಡ ಮಾದರಿಯಲ್ಲಿ 10.3 ಕಿಲೋವ್ಯಾಟ್‌ಅವರ್ ಬ್ಯಾಟರಿ, ಕಂಪನಿಯ ಲೆಕ್ಕದಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಬೆಲೆಯೂ ಮೂರು ಲಕ್ಷ ದಾಟುತ್ತದೆ. ನೋಡಲು ಕನಸಿನದೇ, ಆದರೆ ಗೇರಿಲ್ಲ, ಗುಡುಗಿಲ್ಲ. ಮಾಗಡಿ ಕಡೆಯಿಂದ ಸಾವನದುರ್ಗದ ತಿರುವುಗಳಲ್ಲಿ ಗೇರು ಇಳಿಸುವ ಸುಖಕ್ಕೇ ಬೈಕು ಹತ್ತುವವರು ಅದನ್ನು ಒಪ್ಪುವುದು ಕಷ್ಟ.

ಷೋರೂಮಿನಲ್ಲಿ ಬಣ್ಣ, ಸ್ಕ್ರೀನಿಗಿಂತ ಮೊದಲು ವಿಚಾರಿಸಬೇಕಾದದ್ದು ಬ್ಯಾಟರಿಯ ವಾರಂಟಿ: ಮೂರು ವರ್ಷವೋ ಎಂಟು ವರ್ಷವೋ, ಎಷ್ಟು ಕಿಲೋಮೀಟರಿಗೆ, ಶಕ್ತಿ ಶೇಕಡಾ ಎಷ್ಟಕ್ಕೆ ಕುಸಿದರೆ ಬದಲಿಸಿ ಕೊಡುತ್ತಾರೆ. ಮಾತಿನಲ್ಲಲ್ಲ, ಬರಹದಲ್ಲಿ.